ಅತ್ತೆ ಕದ್ದು ಅಕ್ಷರ ಕಲಿತದ್ದು

ನನಗೆ ಅನುಮಾನ ಜಾಸ್ತಿ. ಇದನ್ನು ಬೇರೆಯವರು ಬಂದು ಹೇಳಬೇಕಾಗಿಲ್ಲ, ನನಗೇ ಗೊತ್ತು. ಅಂಗಡಿಯವನು ನಗುನಗುತ್ತಾ ಮಾತಾಡಿಸಿದರೆ ತೂಕದಲ್ಲಿ ಹೊಡೆದ ಎಂದುಕೊಳ್ಳುವವಳು ನಾನು. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಬಿಟ್ಟುಕೊಟ್ಟರೆ, ಸೀಟು ಒದ್ದೆಯಾಗಿದೆಯೇನೋ ಎಂದು ಮೊದಲು ಕೈಯಿಂದ ಮುಟ್ಟಿ ನೋಡಿ ಆಮೇಲೆ ಕೂರುತ್ತೇನೆ. ಇಂಥವಳ ಕಣ್ಣೆದುರಿಗೇ ನನ್ನ ಅತ್ತೆ, ಅರವತ್ತೈದು ದಾಟಿದ ಮೇಲೆ, ಗುಟ್ಟಾಗಿ ಓದುಬರಹ ಕಲಿತರು. ಅದನ್ನು ಕಂಡುಹಿಡಿದವಳು ನಾನೇ. ಯಾಕೆ ಕಲಿತರು ಎಂಬುದನ್ನು ತಪ್ಪಾಗಿ ಲೆಕ್ಕ ಹಾಕಿದವಳೂ ನಾನೇ.

ಪಾಳ್ಯದ ಕಡೆ ನಮ್ಮ ಊರು. ಸ್ವಲ್ಪ ಗದ್ದೆ, ಸ್ವಲ್ಪ ರಾಗಿ ಹೊಲ, ಗುಡ್ಡದ ಬದಿಗೆ ಎರಡು ಎಕರೆ ಕಾಫಿ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅವರ ತಾಯಿ. ಮಕ್ಕಳಿಬ್ಬರೂ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಗದ್ದೆ ಹೊಲ ಯಜಮಾನರ ಹೆಸರಿಗೆ ಬಂದಿತ್ತು, ಕಾಫಿ ತೋಟ ಮಾತ್ರ ಇನ್ನೂ ಅತ್ತೆಯ ಹೆಸರಿನಲ್ಲೇ ಇತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ತಲೆ ಕೆಟ್ಟಿದ್ದೆಲ್ಲ ಆ ಎರಡು ಎಕರೆಯ ಸುತ್ತಲೇ.

ಶುರುವಾದದ್ದು ಒಂದು ಮುದ್ದೆಯಿಂದ. ಒಂದು ಬೇಸಿಗೆಯ ಮಧ್ಯಾಹ್ನ ಯಜಮಾನರು ಮುದ್ದೆ ಮುರಿದು, ಸಾರಿಗೆ ಅದ್ದಿ ಬಾಯಿಗಿಟ್ಟವರು ಹಾಗೇ ಕೂತುಬಿಟ್ಟರು.

"ಏನೇ ಇದು? ಒಲೆ ಬೂದಿ ಬಿತ್ತಾ ಇದ್ಕೆ?"

ನಾನೂ ತಿಂದು ನೋಡಿದೆ. ಬೂದಿಯೇ. ನಮ್ಮಲ್ಲಿ ಬಿತ್ತನೆಗೆಂದು ತೆಗೆದಿಟ್ಟ ರಾಗಿಗೆ ಹುಳು ಹಿಡಿಯಬಾರದೆಂದು ಬೂದಿ ಬೆರೆಸಿ, ಮಣ್ಣಿನ ವಾಡೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತೇವೆ. ಮುಂಗಾರು ಬರುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಎದ್ದು ಹೋಗಿ ನೋಡಿದರೆ ಸಗಣಿ ಒಡೆದಿತ್ತು, ವಾಡೆ ಬರಿದಾಗಿತ್ತು. ಹಿಂದಿನ ದಿನ ಮಿಲ್ಲಿಗೆ ಹಾಕಿಸಿಕೊಂಡು ಬಂದ ಹಿಟ್ಟು ಆ ರಾಗಿಯದೇ. ರಾಗಿ ಅಳೆದು ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕೊಡುವುದು ಅತ್ತೆಯ ಕೆಲಸ, ಹೊತ್ತುಕೊಂಡು ಹೋಗುವುದಷ್ಟೇ ನನ್ನ ಕೆಲಸ. ನಾನು ಚೀಲದ ಬಾಯಿ ಬಿಚ್ಚಿಯೂ ನೋಡಿರಲಿಲ್ಲ.

"ಬಿತ್ತನೆ ರಾಗಿ ಬೀಸ್ಕೊಂಡ್ ತಿಂತಾ ಇದ್ದೀವಿ ಅತ್ತೆ. ಇದನ್ಯಾಕೆ ಕೊಟ್ರಿ?" ಎಂದೆ.

"ನಾನ್ಯಾಕೆ ಕೊಡ್ಲಿ? ನೀನೇ ತುಂಬ್ಕೊಂಡು ಹೋದೆ. ನಾನು ಹಿತ್ಲಲ್ಲಿದ್ದೆ" ಎಂದರು ಅತ್ತೆ. ನನ್ನ ಮುಖವನ್ನು ನೆಟ್ಟಗೆ ನೋಡಿಕೊಂಡೇ ಹೇಳಿದರು.

ನಲವತ್ತು ವರ್ಷ ಆ ಮನೆಯ ಬಿತ್ತನೆ ಕಾದವರು ಅತ್ತೆ. ಅಂಥವರು ಮರೆತು ಕೊಟ್ಟರು ಎಂದು ನನಗೆ ಅನ್ನಿಸಲೇ ಇಲ್ಲ. ಬೇಕೆಂದೇ ಮಾಡಿದ್ದಾರೆ, ಮಗನ ಎದುರಿಗೆ ನನ್ನನ್ನು ಮನೆಹಾಳಿ ಮಾಡಲು ನೋಡಿದ್ದಾರೆ ಎಂದೇ ಅಂದುಕೊಂಡೆ. ಆ ವರ್ಷ ಬಿತ್ತನೆಗೆ ಪಕ್ಕದ ಮನೆಯವರನ್ನು ಕೇಳಬೇಕಾಯಿತು. ಕೇಳಲು ಹೋದವಳೂ ನಾನೇ. ಆ ಮನೆಯಾಕೆ ರಾಗಿ ಅಳೆಯುತ್ತಾ ಬಾಯೊಳಗೇ ನಕ್ಕಿದ್ದು ನನಗಿನ್ನೂ ಮರೆತಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಸಕಲೇಶಪುರದಿಂದ ನನ್ನ ನಾದಿನಿ ಬಂದಳು. ಅತ್ತೆಗೆ ಒಬ್ಬಳೇ ಮಗಳು, ಗಂಡನ ಮನೆ ಅಲ್ಲೇ ರೈಲ್ವೆ ಸ್ಟೇಷನ್ ಹತ್ತಿರ. ಅವ್ವನ ಮಂಡಿನೋವಿಗೆ ತೋರಿಸಬೇಕು ಎಂದು ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ವಾಪಸು ಬಂದವರ ಕೈಯಲ್ಲಿ ಮಾತ್ರೆಯೂ ಇಲ್ಲ, ಎಣ್ಣೆಯೂ ಇಲ್ಲ. ಏನಂದರು ಡಾಕ್ಟರು ಎಂದರೆ ತಾಯಿ ಮಗಳು ಮುಖ ಮುಖ ನೋಡಿಕೊಂಡರು. "ಓಡಾಡ್ಬೇಕಂತೆ" ಎಂದಳು ನಾದಿನಿ. ಅಲ್ಲಿಂದ ಪ್ರತಿ ವಾರ ಸಂತೆಯ ದಿನ ಅತ್ತೆ ಬೆಳಗಿನ ಬಸ್ಸಿಗೆ ಸಕಲೇಶಪುರಕ್ಕೆ ಹೊರಟುಬಿಡುವುದು, ಸಂಜೆ ಬಸ್ಸಿಗೆ ಬರುವುದು ಶುರುವಾಯಿತು. ಮಂಡಿನೋವು ಇರುವವರು ನಮ್ಮ ರಸ್ತೆಯಲ್ಲಿ ಆ ಬಸ್ಸು ಹತ್ತಿ ಇಳಿದು ಮಾಡುತ್ತಾರೆಯೇ? ನನ್ನ ಕಿವಿ ನೆಟ್ಟಗಾಯಿತು.

ಒಂದು ದಿನ ಅತ್ತೆ ತಮ್ಮ ಎಲೆಅಡಿಕೆ ಚೀಲ ಕೊಟ್ಟು, ಸುಣ್ಣದ ಡಬ್ಬಿ ತುಂಬಿಕೊಡು ಎಂದರು. ಡಬ್ಬಿಗೆಂದು ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಎರಡು ತುಂಡು ಬಳಪ.

"ಇದೇನತ್ತೆ ಬಳಪ?"

"ಸಕಲೇಶಪುರದ ಮೊಮ್ಮಗಂದು ಕಣೆ. ಬಿದ್ದಿತ್ತು, ಎತ್ತಿಟ್ಕೊಂಡೆ."

ಮೊಮ್ಮಗನದಾದರೆ ಮೊಮ್ಮಗನಿಗೆ ಕೊಡಬೇಕಿತ್ತು. ಎಲೆಯ ಜೊತೆ ಜಗಿಯಲಿಕ್ಕೆ ಇಟ್ಟುಕೊಂಡರೇ? ಅದಕ್ಕೂ ಐದಾರು ವರ್ಷ ಹಿಂದೆ ಊರಿಗೆ ಸಾಕ್ಷರತೆಯವರು ಬಂದು ಮನೆಮನೆಗೆ ಸ್ಲೇಟು ಹಂಚಿದ್ದರು. ಅತ್ತೆ ಆ ಸ್ಲೇಟನ್ನು ಉಪ್ಪಿನಕಾಯಿ ಜಾಡಿಯ ಮೇಲೆ ಮುಚ್ಚಿ, "ನಂಗೆ ಹೆಬ್ಬೆಟ್ಟೇ ಸಾಕು ಹೋಗ್ರವ್ವ" ಎಂದು ಆ ಹುಡುಗಿಯರನ್ನು ಸಾಗಹಾಕಿದ್ದರು. ಅಂಥ ಹೆಂಗಸಿಗೆ ಈಗ ಬಳಪದ ಮೇಲೆ ಪ್ರೀತಿ ಹುಟ್ಟಿದ್ದು ಹೇಗೆ?

ಉತ್ತರ ಸಿಕ್ಕಿದ್ದು ಕಾಫಿ ಕಣದಲ್ಲಿ. ಹಣ್ಣು ಕುಯ್ದು ಕಣಕ್ಕೆ ಹರಡಿದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಅದನ್ನು ತಿರುವಬೇಕು. ನಾವು ಕಾಲಲ್ಲೇ ತಿರುವುತ್ತೇವೆ. ಪಾದ ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ನಡೆದರೆ ಸಾಲು ಸಾಲು ಗೆರೆ ಬೀಳುತ್ತದೆ, ಕೆಳಗಿನ ಹಣ್ಣು ಮೇಲೆ ಬರುತ್ತದೆ. ಅವತ್ತು ಅತ್ತೆ ಒಬ್ಬರೇ ತಿರುವುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಹಿಂದಿನಿಂದ ಹೋದೆ. ಸಾಲು ಗೆರೆಗಳ ನಡುವೆ ಒಂದು ಕಡೆ ಗೆರೆ ಇರಲಿಲ್ಲ. ಅಕ್ಷರ ಇತ್ತು. ಆಳುದ್ದದ 'ಸೊ', ಅದರ ಪಕ್ಕದಲ್ಲಿ ಅರ್ಧ ಮುಗಿದ ಇನ್ನೊಂದು. ಅತ್ತೆ ಸೀರೆ ಎತ್ತಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಹೆಬ್ಬೆರಳಿನಲ್ಲಿ ಅದನ್ನು ಸುತ್ತುತ್ತಿದ್ದರು. ನನ್ನನ್ನು ಕಂಡದ್ದೇ ಕಾಲು ಎಳೆದು ಎಲ್ಲ ಅಳಿಸಿ, "ಬಿಸ್ಲು ಚೆನ್ನಾಗೈತೆ ಇವತ್ತು" ಎಂದರು.

ಯಜಮಾನರು ಗದ್ದೆಯಿಂದ ಬಂದ ಕೂಡಲೇ ಹೇಳಿದೆ.

"ನಿಮ್ಮವ್ವ ಬರೆಯೋಕೆ ಕಲೀತಾವ್ರೆ."

"ಕಲೀಲಿ ಬಿಡೆ. ಬಸ್ಸಿನ ಬೋರ್ಡಾದ್ರೂ ಓದ್ಕೊಳ್ಳಲಿ."

"ಕದ್ದು ಯಾಕೆ ಕಲೀಬೇಕು? ಎಸ್ಸೆಸ್ಸೆಲ್ಸಿ ಪಾಸಾದೋಳು ನಾನು ಮನೇಲೇ ಇದ್ದೀನಿ."

"ನಿನ್ನತ್ರ ಕಲಿಯೋಕೆ ಭಯ ಇರ್ಬೇಕು" ಎಂದು ನಕ್ಕು ಎದ್ದು ಹೋದರು.

ನಗುವ ವಿಷಯವಾಗಿ ನನಗೆ ಕಾಣಲಿಲ್ಲ. ಹೆಬ್ಬೆಟ್ಟಿನವರಿಂದ ತೋಟ ಬರೆಸಿಕೊಂಡರೆ ನಾಳೆ ನಾಲ್ಕು ಜನ ಮೋಸ ಎಂದಾರು. ಅದೇ ಸ್ವಂತ ಸಹಿ ಇದ್ದರೆ, ತಿಳಿದೇ ಕೊಟ್ಟರು ಎಂದಾಗುತ್ತದೆ. ನಾದಿನಿಯ ತಲೆ ಚುರುಕು, ಅದಕ್ಕೇ ತಾಯಿಗೆ ಸಹಿ ಕಲಿಸುತ್ತಿದ್ದಾಳೆ. ಎಲ್ಲವೂ ನನಗೆ ಸರಿಯಾಗಿ ಕೂಡಿಕೊಂಡು ಬಂತು. ಅತ್ತೆಯನ್ನು ಪರೀಕ್ಷೆ ಮಾಡಿಯೇ ತೀರಬೇಕು ಎಂದು ಕಾದೆ. ರೇಷನ್ ಕಾರ್ಡಿನ ಅರ್ಜಿ ಬಂದಾಗ ಬೇಕೆಂದೇ ಪೆನ್ನು ಮುಂದೆ ಹಿಡಿದೆ. "ಸಹಿ ಹಾಕ್ತೀರಾ ಅತ್ತೆ?" ಎಂದೆ.

"ನಂಗೇನ್ ಬತ್ತದೆ ಮಾರಾಯ್ತಿ?" ಎಂದು ಹೆಬ್ಬೆರಳನ್ನು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿ, ತಲೆಗೂದಲಿಗೆ ಒರೆಸಿಕೊಂಡರು.

ಕಣದಲ್ಲಿ ಕಂಡ ಅಕ್ಷರ ಇನ್ನೂ ನನ್ನ ಕಣ್ಣಲ್ಲೇ ಇದೆ, ಇವರು ಬರುವುದಿಲ್ಲ ಎನ್ನುತ್ತಾರೆ. ಬರುತ್ತದೆ ಎಂದಿದ್ದರೆ ನನಗೆ ಅರ್ಧ ಸಮಾಧಾನ ಆಗುತ್ತಿತ್ತೇನೋ. ಸುಳ್ಳು ಹೇಳಿದ್ದರಿಂದ ಉಳಿದ ಅರ್ಧವೂ ಹೋಯಿತು.

ಮುಂದಿನ ಸಂತೆಯ ದಿನ ಅತ್ತೆ ಬಸ್ಸು ಹತ್ತಿದ ಮೇಲೆ ನಾನು ಅವರ ಟ್ರಂಕು ತೆಗೆದೆ. ಕೀಲಿ ಉಪ್ಪಿನಕಾಯಿ ಜಾಡಿಯ ಹಿಂದೆ ಇರುವುದು ನನಗೆ ಮದುವೆಯಾಗಿ ಬಂದ ವರ್ಷದಿಂದ ಗೊತ್ತಿತ್ತು. ತೆಗೆದದ್ದು ಅದೇ ಮೊದಲ ಸಲ. ಮಾವನ ಕೋಟು, ಧಾರೆ ಸೀರೆ, ಅದರ ಕೆಳಗೆ ಒಂದು ಕಾಪಿ ಪುಸ್ತಕ. ಪುಸ್ತಕದ ತುಂಬ ಅ ಆ ಇ ಈ, ಸೊಟ್ಟ ಸೊಟ್ಟ. ತೋಟದ ಮಾತಿಲ್ಲ, ಸಹಿಯೂ ಇಲ್ಲ. ಮುಚ್ಚಿಡುವಷ್ಟರಲ್ಲಿ ಒಳಗಿನಿಂದ ಹರಿದ ಹಾಳೆಯೊಂದು ಜಾರಿ ಬಿತ್ತು. ಮೇಲಿನಿಂದ ಕೆಳಕ್ಕೆ ಹರಿದು ಎಡಗಡೆಯ ಅರ್ಧ ಮಾತ್ರ ಉಳಿದಿತ್ತು. ಅದರಲ್ಲಿ ಒಂದರ ಕೆಳಗೊಂದು ಮೂರು ಮಾತು: 'ಸೊಸೆ', 'ಅನ್ನ', 'ಇಸ'.

ಇಸ ಎಂದರೆ ವಿಷ. ಅತ್ತೆ ಮಾತಾಡುವುದೂ ಹಾಗೆಯೇ.

ಟ್ರಂಕಿನ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟೆ. ತೋಟದ ಕಥೆಯಲ್ಲ ಇದು. ಸೊಸೆ ಅನ್ನಕ್ಕೆ ವಿಷ ಹಾಕುತ್ತಾಳೆ ಎಂದು ಪೊಲೀಸರಿಗೆ ಅರ್ಜಿ ಬರೆಯುತ್ತಿದ್ದಾರೆ. ಬೂದಿ ರಾಗಿಯನ್ನು ನನ್ನ ತಲೆಗೆ ಕಟ್ಟಿದ್ದು ಯಾಕೆ ಎಂದು ಈಗ ತಿಳಿಯಿತು ಎಂದುಕೊಂಡೆ. ಇಪ್ಪತ್ತು ವರ್ಷ ಈ ಕೈಯಲ್ಲಿ ಬೇಯಿಸಿ ಹಾಕಿದ್ದೇನೆ. ಜ್ವರ ಬಂದಾಗ ಗಂಜಿ ಕುಡಿಸಿದ್ದೇನೆ. ಅವತ್ತು ಒಲೆಯನ್ನೇ ಹಚ್ಚಲಿಲ್ಲ.

ಸಂಜೆ ಬಸ್ಸಿಗೆ ಅತ್ತೆಯ ಜೊತೆ ನಾದಿನಿಯೂ ಬಂದಳು. ಒಳ್ಳೆಯದೇ ಆಯಿತು ಎಂದುಕೊಂಡು, ಯಜಮಾನರನ್ನೂ ಕೂರಿಸಿ, ಆ ಹಾಳೆಯನ್ನು ನಡುಮನೆಯ ನೆಲದ ಮೇಲೆ ಇಟ್ಟೆ.

"ನಾನು ಯಾವತ್ತು ಇಸ ಹಾಕ್ದೆ ಹೇಳಿ ಅತ್ತೆ. ಯಾವ ಸ್ಟೇಷನ್ನಿಗೆ ಅರ್ಜಿ ಬರೀತಾ ಇದ್ದೀರಿ ಅದನ್ನೂ ಹೇಳಿ."

ಯಜಮಾನರು ಹಾಳೆ ನೋಡಿದರು, ತಾಯಿಯನ್ನು ನೋಡಿದರು. ನಾದಿನಿ ಅಳುವುದಕ್ಕೇ ಶುರು ಮಾಡಿದಳು. ಅತ್ತೆ ಮಾತ್ರ ಹಾಳೆಯ ಕಡೆ ನೋಡಲೂ ಇಲ್ಲ.

"ಟ್ರಂಕು ತೆಗ್ದಾ?" ಎಂದರು.

"ಹೂಂ, ತೆಗ್ದೆ."

ಅತ್ತೆ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಕಲೆಯಾದ, ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಮುಂದೆ ಹಾಕಿದರು. "ಅದು ಹರ್ದೋಗಿತ್ತು. ಇದು ಪೂರ್ತಿ ಐತೆ. ಓದು."

ಅದೇ ಮೂರು ಸಾಲು, ಅದೇ ಸೊಟ್ಟ ಅಕ್ಷರ, ಬಲಗಡೆಯ ಅರ್ಧವೂ ಹರಿಯದೆ ಇತ್ತು. "ಸೊಸೆ ಕೊಟ್ಟ ಅನ್ನ ಉಣ್ಣು. ಇಸ ಇಲ್ಲ."

ಎರಡು ಸಲ ಓದಿದೆ. ತಲೆಗೆ ಹೋಗಲಿಲ್ಲ. ಯಾರಿಗೆ ಬರೆದದ್ದು ಇದು ಎಂದೆ.

"ನಂಗೆ" ಎಂದರು ಅತ್ತೆ.

ಆಮೇಲೆ ಹೇಳಿದರು. ಅತ್ತೆಯ ತವರು ಕುಂದೂರಿನ ಕಡೆ. ಅವರ ತಾಯಿಗೆ ಕೊನೆಯ ವರ್ಷಗಳಲ್ಲಿ ಎಲ್ಲ ಮರೆತುಹೋಗಿತ್ತಂತೆ. "ಸೊಸೆ ಇಸ ಹಾಕ್ತಾಳೆ ಅಂತ ತಟ್ಟೆ ತಳ್ಳೋಳು ನಮ್ಮವ್ವ. ನಾನು ನಂಬ್ಬುಟ್ಟೆ ಕಣೆ. ಹೆತ್ತೋಳು ಸುಳ್ಳು ಹೇಳ್ತಾಳಾ ಅಂದ್ಕೊಂಡೆ. ನಮ್ಮತ್ತಿಗೆನ ಬೀದೀಲಿ ನಿಲ್ಸಿ, ಊರೋರ ಮುಂದೆ ಬೈದೆ. ಆಯಮ್ಮ ಆವತ್ತು ತವರಿಗೆ ಹೋದೋಳು ತಿರುಗಿ ಬರ್ಲಿಲ್ಲ. ಅವ್ವ ಆಮೇಲೆ ನನ್ನ ಕೈಲೂ ಉಣ್ಲಿಲ್ಲ. ನೀನೂ ಇಸ ಹಾಕ್ತೀಯಾ ಅಂದ್ಲು. ಒಣಗೋಗ್ಬುಟ್ಲು."

ಅತ್ತೆ ಎಲೆಗೆ ಸುಣ್ಣ ಹಚ್ಚಿದರು, ಹಚ್ಚಿದ ಎಲೆಗೇ ಮತ್ತೆ ಹಚ್ಚಿದರು.

"ಆ ರಾಗಿ ನಾನೇ ಕೊಟ್ಟಿದ್ದು" ಎಂದರು. "ಬರಿ ವಾಡೆ ನೋಡಿದ್ಮೇಲೆ ಅರಿವಾಯ್ತು. ಕೊಟ್ಟಿದ್ದು ಮಾತ್ರ ಇವತ್ತಿಗೂ ನೆಪ್ಪಿಲ್ಲ. ಅವ್ವಂಗೂ ಹಿಂಗೇ ಶುರುವಾಗಿತ್ತು. ಅದಕ್ಕೇ ಡಾಕ್ಟ್ರತ್ರ ಹೋಗಿದ್ದು. ಮಂಡಿನೋವಿಗಲ್ಲ."

ಹೊಸದೇನಾದರೂ ಕಲಿಯಿರಿ, ಯಾವತ್ತೂ ಮಾಡದೇ ಇದ್ದದ್ದನ್ನು ಮಾಡಿ, ತಲೆಗೆ ಕೆಲಸ ಕೊಡಿ ಎಂದಿದ್ದರಂತೆ ಡಾಕ್ಟರು. ಅದರಿಂದ ಇದು ನಿಲ್ಲುತ್ತದೆಯೇ ಎಂದು ಅತ್ತೆ ಕೇಳಿದ್ದರು. ಒಳ್ಳೆಯದಾಗಬಹುದು, ಆದರೆ ಗ್ಯಾರಂಟಿ ಕೊಡಲಾರೆ ಎಂದರಂತೆ. "ಗ್ಯಾರಂಟಿ ಇಲ್ದಿದ್ರೆ ಅದಕ್ಕೂ ಒಂದು ದಾರಿ ಮಾಡ್ಕೋಬೇಕಲ್ಲ. ನಂಗೂ ಅವ್ವನ ತರ ಆದ್ರೆ ನೀನು ಹೇಳಿದ್ರೆ ನಂಬಕ್ಕಿಲ್ಲ. ಮಗ ಹೇಳಿದ್ರೂ ನಂಬಕ್ಕಿಲ್ಲ. ನನ್ ಕೈಯಿ ಬರ್ದಿದ್ದು ಅಂದ್ರೆ ನಂಬಿಯೇನು."

ನನ್ನ ಬುದ್ಧಿ ನೋಡಿ, ಆಗಲೂ ಒಂದು ಪ್ರಶ್ನೆ ಉಳಿದಿತ್ತು. "ನನ್ನತ್ರನೇ ಕಲೀಬೋದಿತ್ತಲ್ಲ ಅತ್ತೆ?"

"ನಿನ್ನತ್ರ ಕಲಿತ್ರೆ, ಇದು ನೀನೇ ಬರೆಸ್ಕೊಂಡಿದ್ದು ಅಂತ ಆಮೇಲೆ ಅನುಮಾನ ಬತ್ತದಲ್ಲೇ ನಂಗೆ" ಎಂದರು ಅತ್ತೆ.

ಅನುಮಾನದಲ್ಲಿ ನಾನೇ ಮುಂದು ಎಂದುಕೊಂಡಿದ್ದೆ. ಅತ್ತೆ ಇನ್ನೂ ಬರದೇ ಇದ್ದ ಅನುಮಾನಕ್ಕೂ ಬೇಲಿ ಹಾಕಿ ಕೂತಿದ್ದರು. ನಾನು ಎದ್ದು ಹೋಗಿ ಒಲೆ ಹಚ್ಚಿದೆ. ತಪ್ಪಾಯಿತು ಅತ್ತೆ ಎಂಬ ಮಾತು ಬಾಯಿಯವರೆಗೆ ಬಂದು ಅಲ್ಲೇ ಉಳಿಯಿತು. ಅದನ್ನು ಅವತ್ತೇ ಹೇಳಬೇಕಿತ್ತು.

ಆ ಕಾಗದವನ್ನು ಅತ್ತೆ ಊಟಕ್ಕೆ ಕೂರುವ ಜಾಗದ ಎದುರು ಗೋಡೆಗೆ ತಾವೇ ಅನ್ನದ ಅಗುಳಿನಿಂದ ಅಂಟಿಸಿದರು. ಸಂತೆಯ ದಿನದ ಪ್ರಯಾಣ ನಿಲ್ಲಿಸಲಿಲ್ಲ. ಬರೆಯುವುದು ಮಗಳ ಹತ್ತಿರವೇ, ಓದುವುದು ಮಾತ್ರ ನನ್ನ ಹತ್ತಿರ ಎಂದು ಒಪ್ಪಂದವಾಯಿತು. ಗೊಬ್ಬರದ ಚೀಲ, ಮದುವೆ ಕಾಗದ, ಬೆಂಕಿಪೊಟ್ಟಣ, ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು. ಪೇಪರಿನಲ್ಲಿ ಸತ್ತವರ ಫೋಟೋದ ಕೆಳಗಿನ ಸಾಲು ಓದುವುದು ಅವರಿಗೆ ತುಂಬ ಇಷ್ಟ. "ನಂಗಿಂತ ಚಿಕ್ಕೋಳು ಕಣೆ ಇವ್ಳು" ಎಂದು ಸಮಾಧಾನ ಪಡುತ್ತಿದ್ದರು. ಒತ್ತಕ್ಷರದಲ್ಲಿ ಎಡವಿದರೆ ನಾನು ಬಾಯಿ ಹಾಕಬಾರದು, ಸಿಟ್ಟು ಬರುತ್ತಿತ್ತು.

ನಾನಾದರೋ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಬಚ್ಚಲ ದೀಪ ಆರಿಸದೆ ಬಂದರೆ, ಒಂದೇ ಮಾತು ಎರಡು ಸಲ ಕೇಳಿದರೆ, ಬಂತೇನೋ ಎಂದು ಜೀವ ಹಾರುತ್ತಿತ್ತು. ಅತ್ತೆಗೂ ಅದು ತಿಳಿಯುತ್ತಿತ್ತು. "ಏನೇ ಹಂಗ್ ನೋಡ್ತೀಯಾ? ಇನ್ನೂ ಐತೆ ತಲೆ" ಎನ್ನುತ್ತಿದ್ದರು. ಹಾಗೆ ಐದಾರು ವರ್ಷ ಕಳೆದವು. ಅದು ಅಕ್ಷರ ಕಲಿತಿದ್ದರಿಂದಲೋ, ಅವರ ಹಣೆಬರಹವೇ ಹಾಗಿತ್ತೋ, ನನಗೆ ಗೊತ್ತಿಲ್ಲ. ಅಕ್ಷರದಿಂದಲೇ ಎಂದು ಅತ್ತೆ ನಂಬಿದ್ದರು, ನಾನು ಜಗಳಕ್ಕೆ ಹೋಗಲಿಲ್ಲ.

ಆಮೇಲೆ ಬಂತು. ಮೊದಲು ವಾರದ ದಿನಗಳು ಹೋದವು. ಆಮೇಲೆ ಮೊಮ್ಮಕ್ಕಳ ಹೆಸರು, ಆಮೇಲೆ ಹಿತ್ತಲಿನ ದಾರಿ. ಒಂದು ಮಧ್ಯಾಹ್ನ ನಾನು ಮುದ್ದೆ, ಸಾರು ತಂದು ಮುಂದಿಟ್ಟೆ. ಅತ್ತೆ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಎರಡು ಬೆರಳಿನಿಂದ ತಟ್ಟೆಯನ್ನು ಆಚೆ ತಳ್ಳಿದರು.

"ಏನ್ ಹಾಕಿದ್ದೀಯೆ ಇದ್ಕೆ?"

ಈ ಮಾತು ಯಾವತ್ತೋ ಒಂದು ದಿನ ಬರುತ್ತದೆ ಎಂದು ನನಗೆ ತಿಳಿದಿತ್ತು. ಗೋಡೆಯ ಕಡೆ ಬೆರಳು ತೋರಿಸಿದೆ. ಹೊಗೆ ಹಿಡಿದು ಕಾಗದ ಕಂದಾಗಿತ್ತು. ಅತ್ತೆ ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಕೂಡಿಸಿದರು.

"ಸೊ... ಸೆ... ಕೊಟ್ಟ... ಅನ್ನ... ಉಣ್ಣು. ಇಸ... ಇಲ್ಲ."

ಹತ್ತಿರ ಹೋಗಿ ಬೆರಳಿನಿಂದ 'ಸೊ' ಎಂಬುದರ ಸುತ್ತು ತಿದ್ದಿದರು. "ಇದು ನನ್ ಕೈಯಿದೇ" ಎಂದರು. ಮುಖ ಸಡಿಲವಾಯಿತು. ಗೆದ್ದೆವು ಎಂದುಕೊಂಡೆ ನಾನು. ಅತ್ತೆ ಬಂದು ಕೂತರು, ತಟ್ಟೆ ಎಳೆದುಕೊಂಡರು, ಬಾಗಿಲ ಕಡೆ ನೋಡಿದರು.

"ಸೊಸೆ ಎಲ್ಲವ್ಳೆ?"

"ನಾನೇ ಅತ್ತೆ."

ತಲೆಯಿಂದ ಕಾಲಿನವರೆಗೆ ನೋಡಿದರು. ಬಸ್ಸಿನ ಸೀಟನ್ನು ನಾನು ನೋಡುವ ಹಾಗೆಯೇ. "ನೀನಲ್ಲ" ಎಂದರು. "ಅವ್ಳು ಬರ್ಲಿ. ಅವ್ಳು ಕೊಟ್ರೆ ಉಣ್ತೀನಿ."

ನಾನು ತಟ್ಟೆ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಬಂದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಅತ್ತುಬಿಟ್ಟೆ. ತುಂಬ ಹೊತ್ತು ಅಳಲು ಆಗಲಿಲ್ಲ, ಸಾರು ಆರುತ್ತಿತ್ತು. ಮುಖ ತೊಳೆದು, ಕಣಕ್ಕೆ ಹೋಗುವಾಗ ಸುತ್ತಿಕೊಳ್ಳುವ ಹಾಗೆ ತಲೆಗೆ ಟವೆಲ್ಲು ಸುತ್ತಿಕೊಂಡೆ. ಮನೆಯನ್ನು ಸುತ್ತಿ ಬಂದು ಮುಂಬಾಗಿಲಿನಿಂದ ಒಳಗೆ ಹೋಗುತ್ತಾ ಜೋರಾಗಿ ಕೂಗಿದೆ. "ಅತ್ತೆ, ಕಾಫಿ ತಿರುವಿ ಬಂದೆ. ಉಣ್ತೀರಾ?"

"ಎಲ್ಲೋಗಿದ್ಯೆ ಇಷ್ಟೊತ್ತು?" ಎಂದರು. ಆ ದನಿಯಲ್ಲಿದ್ದ ಸಮಾಧಾನವನ್ನು ನಾನು ಆ ಮನೆಗೆ ಬಂದ ಮೇಲೆ ಯಾವತ್ತೂ ಕೇಳಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅತ್ತೆ ಹಿತ್ತಲ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು.

"ಇಲ್ಲೊಬ್ಳು ಓಡಾಡ್ತಾ ಅವ್ಳೆ ಕಣೆ. ಅವ್ಳನ್ನ ನಂಬ್ಬೇಡ. ನನ್ ಟ್ರಂಕು ಹುಡುಕ್ದೋಳು ಅವ್ಳೇ."

"ಹೂಂ ಅತ್ತೆ, ಗೊತ್ತು. ತಪ್ಪು ಮಾಡಿದ್ಲು ಅವ್ಳು" ಎಂದೆ.

ಮುದ್ದೆ ಮುರಿದು, ಸಾರಿಗೆ ಅದ್ದಿ ಕೈಗೆ ಕೊಟ್ಟೆ. ಅತ್ತೆ ಪೂರ್ತಿ ಉಂಡರು.